ಕೊಡಗೂ ಸ್ವತಂತ್ರ ಚಲಚ್ಚಿತ್ರಕಾರರೂ

ಮೂರ್ನಾಡಿನಲ್ಲೊಂದು ವಾರ್ಷಿಕ ಶಿಬಿರವೇಕೆ ಬೇಕು?

ಒಂದು ನಾಡಿನ ಚೆಲುವನ್ನು ಲೋಕವೆಲ್ಲವೂ ಕಂಡು ಕೊಂಡಾಡುತ್ತಿದ್ದರೂ ಆ ನಾಡಿನ ಬಾಳು ಮಾತ್ರ ಲೋಕದ ಕಣ್ಣಿಗೆ ಬೀಳದೆ ಉಳಿಯುವುದುಂಟು. ಚಲಚ್ಚಿತ್ರದ ಮಟ್ಟಿಗೆ ಕೊಡಗಿನ ಸ್ಥಿತಿಯು ಇಂತಹದೇ ಆಗಿದೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ‘ಶರಪಂಜರ’ವು ಕೊಡಗಿನ ಕಾವೇರಿಯನ್ನು ಹಾಡಿನ ಮೂಲಕ ಕನ್ನಡಿಗರ ಮನೆಮನೆಗೂ ಮುಟ್ಟಿಸಿತು. ೧೯೯೦ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ವು ಕೊಡಗಿನ ಯೋಧನೊಬ್ಬನ ಸಂಸಾರವನ್ನೇ ಕಥಾವಸ್ತುವಾಗಿ ಮಾಡಿಕೊಂಡಿತು. ೨೦೦೬ರಲ್ಲಿ ‘ಮುಂಗಾರು ಮಳೆ’ಯು ಮಡಿಕೇರಿಯನ್ನು ಕಥಾನಾಯಕನ ಪ್ರೇಮಕ್ಕೆ ನೆಲೆಯಾಗಿಸಿ ನಾಡನ್ನೆಲ್ಲ ಮರುಳುಗೊಳಿಸಿತು. ಇವು ಸತ್ಕೃತಿಗಳೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಇವುಗಳ ಕರ್ತೃಗಳಿಗೆ ಕೊಡಗು ಕೃತಜ್ಞವಾಗಿರತಕ್ಕದ್ದೇ. ಆದರೆ ಹೊರಗಿನಿಂದ ಬಂದ ಕ್ಯಾಮೆರಾವು ಚಿತ್ರೀಕರಣವು ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಘಟ್ಟವಿಳಿದು ಹೋಗುವುದೆಂಬುದೂ, ಅದರ ಹಿಂದೆ ನಿಂತು ನೋಡಬಲ್ಲ ಸ್ಥಳೀಯರ ಕಣ್ಣುಗಳು ತೀರ ವಿರಳವಾಗಿಯೇ ಉಳಿದಿರುವವೆಂಬುದೂ ಅಷ್ಟೇ ನಿಜವಾದ ಸಂಗತಿ.

ಕೊಡವ ಭಾಷೆಯ ಮೊದಲನೆಯ ಚಲಚ್ಚಿತ್ರವಾದ, ಎಸ್. ಆರ್. ರಾಜನ್ ಅವರ ‘ನಾಡ ಮಣ್ಣ್ ನಾಡ ಕೂಳ್’ ತೆರೆಗೆ ಬಂದದ್ದು ೧೯೭೨ರಲ್ಲಿ. ಆ ಬಳಿಕ ‘ಮಂದಾರಪೂ’ ರಾಷ್ಟ್ರಪ್ರಶಸ್ತಿಯ ಮನ್ನಣೆಯನ್ನು ಪಡೆಯಿತು. ಉತ್ಸಾಹಿಗಳಾದ ಕೆಲವರು ಕೈಯಿಂದ ಹಣ ಹಾಕಿ ಇನ್ನೂ ಕೆಲವು ಚಿತ್ರಗಳನ್ನು ತಯಾರಿಸಿದ್ದುಂಟು. ಆದರೆ ಅರ್ಧ ಶತಮಾನದ ಬೆಳಸೆಂದು ಲೆಕ್ಕ ಹಾಕಿದರೆ ಇದು ಅಲ್ಪವೆಂದೇ ಹೇಳಬೇಕು. ಸಾಹಿತ್ಯಕ್ಕೆ, ಸೈನ್ಯಕ್ಕೆ, ಕ್ರೀಡೆಗೆ ತನ್ನ ಗಾತ್ರವನ್ನು ಮೀರಿ ಜನರನ್ನು ಕೊಟ್ಟ ಜಿಲ್ಲೆಯು ಚಲಚ್ಚಿತ್ರಕ್ಕೆ ಬರಿಯ ಹಿನ್ನೆಲೆಯನ್ನು ಕೊಟ್ಟು ಸುಮ್ಮನಿರುವುದೇಕೆ? ಪ್ರತಿಭೆಯ ಕೊರತೆಯಿಂದಲ್ಲ, ಕಲಿಯುವ ತಾಣದ ಕೊರತೆಯಿಂದ ಎಂಬುದೇ ನಮ್ಮ ಉತ್ತರ. ಸ್ವತಂತ್ರ ಚಲಚ್ಚಿತ್ರಕಾರರು ವರ್ಷಕ್ಕೊಮ್ಮೆ ಕೆಲವು ದಿನ ಒಂದೆಡೆ ಬೀಡುಬಿಟ್ಟು, ಕಲಿತು, ಕಲಿಸಿ, ಪರಸ್ಪರ ಪರಿಚಯವನ್ನು ಬೆಳೆಸಿಕೊಳ್ಳುವ ಶಿಬಿರವೊಂದು ಕೊಡಗಿನ ಮಧ್ಯಭಾಗದಲ್ಲಿ, ಮೂರ್ನಾಡಿನಂತಹ ಊರಿನಲ್ಲಿ, ನೆಲೆಗೊಳ್ಳಬೇಕೆಂಬ ಸಲಹೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಸ್ವತಂತ್ರರ ಕಷ್ಟ

ಸ್ವತಂತ್ರ ಚಲಚ್ಚಿತ್ರಕಾರನೆಂದರೆ ಯಾರು? ದೊಡ್ಡ ಬಂಡವಾಳಗಾರರ ಹಂಗಿಲ್ಲದೆ, ತಾರೆಯರ ಹೆಸರನ್ನು ನೆಚ್ಚದೆ, ತಾನು ಕಂಡುಂಡ ಬಾಳನ್ನು ತನಗೆ ತೋರಿದಂತೆ ತೆರೆಯ ಮೇಲೆ ತರಲು ಹೊರಟವನು. ಹಿಂದೆ ಇಂತಹವನಿಗೆ ಅಡ್ಡವಾಗಿ ನಿಲ್ಲುತ್ತಿದ್ದುದು ಸಾಮಗ್ರಿಯ ಬೆಲೆ. ಫಿಲ್ಮಿನ ಸುರುಳಿಗೆ, ಅದನ್ನು ತೊಳೆಯುವ ಪ್ರಯೋಗಾಲಯಕ್ಕೆ, ಬಾಡಿಗೆಯ ಕ್ಯಾಮೆರಾಕ್ಕೆ ಸುರಿಯಬೇಕಾಗಿದ್ದ ಹಣವೇ ಎಷ್ಟೋ ಚಿತ್ರಗಳನ್ನು ಹುಟ್ಟುವ ಮೊದಲೇ ಕೊಂದಿತು. ಇಂದು ಆ ಅಡ್ಡಿಯು ಬಹುಮಟ್ಟಿಗೆ ತೊಲಗಿದೆ. ಜೇಬಿನಲ್ಲಿರುವ ಮೊಬೈಲ್ ಫೋನಿನಿಂದಲೇ ಚಿತ್ರವನ್ನು ತೆಗೆಯಬಹುದು. ಮನೆಯ ಕಂಪ್ಯೂಟರಿನಲ್ಲಿಯೇ ಸಂಕಲನವನ್ನು ಮಾಡಬಹುದು.

ಅಡ್ಡಿಯು ತೊಲಗಿದಾಗ ಬೇರೊಂದು ಕಷ್ಟವು ಎದ್ದು ಕಾಣಿಸಿತು, ಅದು ಏಕಾಂಗಿತನ. ಚಿತ್ರಕಥೆಯನ್ನು ಬರೆದವನಿಗೆ ಅದನ್ನು ಓದಿ ತಪ್ಪು ಹೇಳುವವರಿಲ್ಲ. ಚಿತ್ರವನ್ನು ತೆಗೆದವನಿಗೆ ಶಬ್ದಗ್ರಹಣವನ್ನು ಬಲ್ಲ ಗೆಳೆಯನಿಲ್ಲ. ಮುಗಿಸಿದವನಿಗೆ ಅದನ್ನು ಯಾವ ಉತ್ಸವಕ್ಕೆ ಕಳುಹಿಸಬೇಕು, ಉಪಶೀರ್ಷಿಕೆಯನ್ನು ಯಾರಿಂದ ಬರೆಯಿಸಬೇಕು, ಪ್ರಮಾಣಪತ್ರವನ್ನು ಹೇಗೆ ಪಡೆಯಬೇಕು, ಸರ್ಕಾರದ ಸಹಾಯಧನಕ್ಕೆ ಯಾವಾಗ ಅರ್ಜಿ ಹಾಕಬೇಕು ಎಂಬುದೊಂದೂ ತಿಳಿಯದು. ಬೆಂಗಳೂರಿನಲ್ಲಿರುವವನು ಇವನ್ನು ಹತ್ತು ಜನರನ್ನು ಕೇಳಿ ಅರಿತಾನು. ನಾಪೋಕ್ಲಿನ ಅಥವಾ ಪೊನ್ನಂಪೇಟೆಯ ತರುಣ ಯಾರನ್ನು ಕೇಳಬೇಕು?

ಕನ್ನಡದ ಹೊಸ ಅಲೆಯ ಮೊದಲ ಚಿತ್ರವೇ ಈ ವಿಷಯದಲ್ಲಿ ನಮಗೆ ಪಾಠವನ್ನು ಹೇಳುತ್ತದೆ. ೧೯೭೦ರ ‘ಸಂಸ್ಕಾರ’ವು ಒಬ್ಬ ನಿಪುಣನ ಕೈಕೆಲಸವಲ್ಲ. ನಿರ್ದೇಶಕ ಪಟ್ಟಾಭಿರಾಮರೆಡ್ಡಿ ಕವಿ; ಗಿರೀಶ ಕಾರ್ನಾಡರು ನಾಟಕಕಾರರು; ಪಿ. ಲಂಕೇಶರು ಕಥೆಗಾರರು, ಎಸ್. ಜಿ. ವಾಸುದೇವರು ಚಿತ್ರಕಲಾವಿದರು, ಕ್ಯಾಮೆರಾವನ್ನು ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಇಂತಹವರೆಲ್ಲರೂ ಶೃಂಗೇರಿಯ ಸಮೀಪದ ಮಲೆನಾಡ ಹಳ್ಳಿಯೊಂದರಲ್ಲಿ ಒಟ್ಟುಗೂಡಿ ದುಡಿದುದರಿಂದಲೇ ಆ ಕೃತಿಯು ಸಿದ್ಧವಾಯಿತು. ಮೊದಲು ಪ್ರದರ್ಶನಕ್ಕೆ ಅಪ್ಪಣೆಯಿಲ್ಲದೆ ತಡೆಯಲ್ಪಟ್ಟು, ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪದಕವನ್ನು ಪಡೆಯಿತು. ಸ್ವತಂತ್ರ ಚಿತ್ರವೆಂದರೆ ಒಂಟಿಯ ಚಿತ್ರವಲ್ಲ. ಸಮಾನಮನಸ್ಕರ ಕೂಟದಿಂದ ಹುಟ್ಟತಕ್ಕ ಚಿತ್ರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೆಗ್ಗೋಡಿನ ದೃಷ್ಟಾಂತ

ಹಳ್ಳಿಯಲ್ಲಿ ಚಲಚ್ಚಿತ್ರದ ಶಿಕ್ಷಣವೆಂದರೆ ಹುಬ್ಬೇರಿಸುವವರು ಉಂಟು. ಅವರು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಥೆಯನ್ನು ಲಕ್ಷ್ಯವಿಟ್ಟು ಕೇಳಬೇಕು. ಅಡಕೆಯ ತೋಟಗಳ ನಡುವಿನ ಈ ಚಿಕ್ಕ ಗ್ರಾಮದಲ್ಲಿ ೧೯೪೯ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಹುಟ್ಟಿತು. ಅದನ್ನು ಬೆಳೆಯಿಸಿದ ಕೆ. ವಿ. ಸುಬ್ಬಣ್ಣನವರು ಸ್ವತಃ ಅಡಕೆ ಬೆಳೆಗಾರರು. ನಾಟಕದಿಂದ ಆರಂಭಿಸಿದ ಅವರು ೧೯೭೩ರಲ್ಲಿ ಚಿತ್ರಸಮಾಜವೊಂದನ್ನು ಸ್ಥಾಪಿಸಿದರು. ಸತ್ಯಜಿತ್ ರಾಯ್, ಕುರೋಸಾವ, ಡಿ ಸಿಕಾ ಮೊದಲಾದ ಜಗದ್ವಿಖ್ಯಾತ ನಿರ್ದೇಶಕರ ಕೃತಿಗಳು ಆ ಊರಿನ ರೈತರ ಮುಂದೆ, ಕೂಲಿಕಾರರ ಮುಂದೆ, ಗೃಹಿಣಿಯರ ಮುಂದೆ ಪ್ರದರ್ಶಿತವಾದವು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಹಬ್ಬವೆನಿಸುತ್ತಿತ್ತು. ಆದರೆ ೧೯೭೯ರಿಂದ ಅಲ್ಲಿ ಚಲಚ್ಚಿತ್ರ ರಸಗ್ರಹಣದ ಶಿಬಿರಗಳು ನಡೆಯತೊಡಗಿದವು. ೧೯೬೦ರಲ್ಲಿ ಪುಣೆಯಲ್ಲಿ ಆರಂಭವಾದ ಫಿಲ್ಮ್ ಸಂಸ್ಥೆಯಿಂದ ಪ್ರಾಧ್ಯಾಪಕ ಸತೀಶ್ ಬಹಾದೂರರೂ, ೧೯೬೪ರಲ್ಲಿ ಅಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಫಿಲ್ಮ್ ಭಂಡಾರದಿಂದ ಪಿ. ಕೆ. ನಾಯರರೂ ಇಂತಹ ಕಾರ್ಯಕ್ಕೆ ಬೆಂಬಲವಾಗಿ ನಿಂತರು. ಒಂದು ಚಿತ್ರವನ್ನು ನೋಡುವುದು. ಮತ್ತೆ ಅದರ ಭಾಗಗಳನ್ನು ಬಿಡಿಬಿಡಿಯಾಗಿ ನೋಡುವುದು. ದೃಶ್ಯವನ್ನು ಇಲ್ಲಿಯೇ ಏಕೆ ಕತ್ತರಿಸಿದರು, ಕ್ಯಾಮೆರಾ ಇಷ್ಟು ದೂರದಲ್ಲಿ ಏಕೆ ನಿಂತಿತು, ಇಲ್ಲಿ ಸಂಗೀತವು ಏಕಿಲ್ಲ ಎಂದು ಒಬ್ಬರನ್ನೊಬ್ಬರು ಕೇಳುವುದು. ಇದೇ ಅಲ್ಲಿನ ಪಾಠಕ್ರಮ. ಹೆಚ್ಚಿನ ಓದಿಲ್ಲದ ಗ್ರಾಮಸ್ಥರಿಗೆ ಶ್ರೇಷ್ಠವಾದುದು ರುಚಿಸದೆಂಬ ಪಟ್ಟಣಿಗರ ನಂಬಿಕೆಯನ್ನು ಹೆಗ್ಗೋಡು ಸುಳ್ಳುಮಾಡಿತು. ೧೯೯೧ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದುದು ಒಬ್ಬ ವ್ಯಕ್ತಿಗೆ ಸಂದ ಗೌರವ ಮಾತ್ರವಲ್ಲ, ಹಳ್ಳಿಯ ಬುದ್ಧಿಗೆ ಸಂದ ಗೌರವವೂ ಹೌದು.

ಇಂತಹ ಶಿಬಿರಗಳ ಫಲವೇನೆಂದು ಲೆಕ್ಕ ಕೇಳುವವರಿಗೆ ಒಂದು ಮಾತನ್ನು ಹೇಳಬೇಕು. ರಸಗ್ರಹಣವು ಬಿತ್ತನೆಯಂತೆ, ಬಿತ್ತಿದ ಮರುದಿನವೇ ಪೈರನ್ನು ಎಣಿಸಲಾಗದು. ಆದರೆ ಮಲೆನಾಡಿನಿಂದಲೂ ಘಟ್ಟದ ಅಂಚಿನ ಹಳ್ಳಿಗಳಿಂದಲೂ ಬಂದ ಚಲಚ್ಚಿತ್ರಕಾರರು ಕನ್ನಡಕ್ಕೆ ತಂದ ಕೀರ್ತಿಯು ಎಲ್ಲರೂ ಬಲ್ಲ ಸಂಗತಿ. ತೀರ್ಥಹಳ್ಳಿಯ ಕಡೆಯ ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಕಲಿತು ಬಂದು ೧೯೭೭ರಲ್ಲಿ ‘ಘಟಶ್ರಾದ್ಧ’ವನ್ನು ರಚಿಸಿದರು, ಅದು ಸ್ವರ್ಣಕಮಲವನ್ನು ಪಡೆದು, ೨೦೨೪ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಉತ್ತರಕನ್ನಡದ ನಟೇಶ ಹೆಗಡೆಯವರು ತಮ್ಮೂರಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ತೆಗೆದ ‘ಪೆಡ್ರೊ’ ೨೦೨೧ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವಕ್ಕೆ ಹೋಯಿತು. ಬಯಲುಸೀಮೆಯ ಉದಾಹರಣೆಯೂ ಉಂಟು: ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಆ ಊರವರೇ ನಟಿಸಿದ ‘ತಿಥಿ’ ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಚಿನ್ನದ ಚಿರತೆಯನ್ನು ಗೆದ್ದುಕೊಂಡಿತು. ೨೦೨೪ರಲ್ಲಿ ಪುಣೆಯ ವಿದ್ಯಾರ್ಥಿಯಾಗಿದ್ದ ಮೈಸೂರಿನ ವೈದ್ಯ ಚಿದಾನಂದ ನಾಯಕರು ಜನಪದ ಕಥೆಯೊಂದನ್ನಾಧರಿಸಿದ ಕಿರುಚಿತ್ರದಿಂದ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಪ್ರಥಮ ಬಹುಮಾನವನ್ನು ತಂದರು. ಲೋಕವು ಮೆಚ್ಚಿದ್ದು ನಮ್ಮ ಅನುಕರಣವನ್ನಲ್ಲ, ನಮ್ಮ ಅಂಗಳವನ್ನು.

ಪರದೇಶಗಳಲ್ಲಿ

ಪಟ್ಟಣದ ಗದ್ದಲದಿಂದ ದೂರ ಸರಿದು ಕಲಿಯುವ ರೂಢಿಯು ಹೊರಗಿನ ದೇಶಗಳಲ್ಲಿಯೂ ಬೇರೂರಿದೆ. ಸಾಕ್ಷ್ಯಚಿತ್ರಗಳ ಪಿತಾಮಹರಲ್ಲೊಬ್ಬರೆನಿಸಿದ ರಾಬರ್ಟ್ ಫ್ಲಾಹರ್ಟಿಯವರು ತೀರಿಕೊಂಡ ತರುವಾಯ ಅವರ ಪತ್ನಿ ಫ್ರಾನ್ಸಿಸ್ ಫ್ಲಾಹರ್ಟಿಯವರು ೧೯೫೫ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದ ತಮ್ಮ ಹೊಲಮನೆಯಲ್ಲಿಯೇ ಒಂದು ಗೋಷ್ಠಿಯನ್ನು ಆರಂಭಿಸಿದರು. ಯಾವ ಚಿತ್ರವನ್ನು ತೋರಿಸುವರೆಂಬುದನ್ನು ಮೊದಲೇ ಹೇಳದೆ, ಪೂರ್ವಗ್ರಹವಿಲ್ಲದ ಕಣ್ಣಿನಿಂದ ನೋಡಿಸಿ ಬಳಿಕ ಚರ್ಚಿಸುವುದು ಅಲ್ಲಿನ ಪದ್ಧತಿ. ನಮ್ಮ ಸತ್ಯಜಿತ್ ರಾಯ್ ಅವರೂ ೧೯೫೮ರಲ್ಲಿ ಆ ಗೋಷ್ಠಿಗೆ ಹೋಗಿದ್ದರು. ೧೯೮೧ರಲ್ಲಿ ನಟ ರಾಬರ್ಟ್ ರೆಡ್‌ಫರ್ಡರು ಯೂಟಾ ಪ್ರಾಂತದ ಬೆಟ್ಟಗಳ ನಡುವೆ ಸ್ಥಾಪಿಸಿದ ಸನ್‌ಡ್ಯಾನ್ಸ್ ಸಂಸ್ಥೆಯ ಶಿಬಿರಗಳಲ್ಲಿ ಹೊಸಬರು ತಮ್ಮ ಚಿತ್ರಕಥೆಯ ಕೆಲವು ದೃಶ್ಯಗಳನ್ನು ಅನುಭವಿಗಳ ಕಣ್ಣೆದುರಿನಲ್ಲಿ ತೆಗೆದು ನೋಡುವರು. ಕೆಟ್ಟರೆ ನಷ್ಟವಿಲ್ಲ, ಏಕೆಂದರೆ ಅದು ಮಾರಾಟದ ಸರಕಲ್ಲ.

ಇವೆಲ್ಲಕ್ಕಿಂತ ಕೊಡಗಿಗೆ ಹತ್ತಿರವಾದ ಉದಾಹರಣೆಯು ಆಫ್ರಿಕಾದ್ದು. ಭಾರತೀಯ ನಿರ್ದೇಶಕಿ ಮೀರಾ ನಾಯರರು ಉಗಾಂಡದ ಕಂಪಾಲಾದಲ್ಲಿ ಪೂರ್ವ ಆಫ್ರಿಕಾದ ತರುಣರಿಗಾಗಿ ಮೈಶಾ ಎಂಬ ಶಿಬಿರವನ್ನು ತೆರೆದರು. ತಮ್ಮ ಕಥೆಯನ್ನು ತಾವು ಹೇಳದಿದ್ದರೆ ಮತ್ತಾರೂ ಹೇಳುವುದಿಲ್ಲವೆಂಬುದೇ ಅದರ ಮೂಲತತ್ತ್ವ. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮವು ಚಿತ್ರಕಥೆಗಾರರಿಗಾಗಿ ನಡೆಯಿಸಿದ ಶಿಬಿರದಲ್ಲಿ ತಿದ್ದಲ್ಪಟ್ಟ ‘ದಿ ಲಂಚ್‌ಬಾಕ್ಸ್’ ೨೦೧೩ರಲ್ಲಿ ಲೋಕಪ್ರಸಿದ್ಧವಾದುದನ್ನು ಇಲ್ಲಿ ಸ್ಮರಿಸಬಹುದು.

ಮೂರ್ನಾಡೇ ಏಕೆ?

ಹೆಸರಿನಲ್ಲಿಯೇ ಮೂರು ನಾಡುಗಳನ್ನು ಹೊತ್ತಿರುವ ಮೂರ್ನಾಡು ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ಹೆದ್ದಾರಿಯ ಮೇಲಿನ ಊರು. ನಾಪೋಕ್ಲಿನ ದಾರಿಯು ಇಲ್ಲಿಯೇ ಕವಲೊಡೆಯುತ್ತದೆ. ಬಲಮುರಿಯ ಕಾವೇರಿಯು ಸಮೀಪದಲ್ಲಿದೆ. ಮಡಿಕೇರಿಯಷ್ಟು ಪ್ರವಾಸಿಗರ ನೂಕುನುಗ್ಗಲಿಲ್ಲ. ಆದರೂ ಶಾಲೆ, ಕಾಲೇಜು, ಸಂತೆ, ಬಸ್ಸು ಎಲ್ಲವೂ ಉಂಟು. ಶಿಬಿರಕ್ಕೆ ಬೇಕಾದುದು ಇಂತಹದೇ ಸ್ಥಳ: ಏಕಾಂತವಿರಬೇಕು, ಆದರೆ ಜನಸಂಪರ್ಕವು ಕಡಿಯಬಾರದು.

ಮೂರ್ನಾಡಿಗೆ ಮತ್ತೊಂದು ಅರ್ಹತೆಯೂ ಇದೆ. ಕೊಡವ ಭಾಷೆಯ ಆದಿನಾಟಕಕಾರರಾದ ಹರದಾಸ ಅಪ್ಪಚ್ಚಕವಿಗಳು (೧೮೬೮–೧೯೪೪) ಹುಟ್ಟಿದ ಕಿರುಂದಾಡು ಇಲ್ಲಿಗೆ ದೂರವಲ್ಲ. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂಬ ನಾಲ್ಕು ನಾಟಕಗಳನ್ನು ಬರೆದ ಅವರು ಬರಹಕ್ಕೆ ಬಾರದಿದ್ದ ಮಾತನ್ನು ರಂಗಕ್ಕೇರಿಸಿದರು. ರಂಗಭೂಮಿಯೆಂಬುದು ಆ ಕಾಲದ ಹೊಸ ಮಾಧ್ಯಮ. ಅದನ್ನು ತಮ್ಮ ಭಾಷೆಗೆ ಒಗ್ಗಿಸಿಕೊಳ್ಳಲು ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಹಾಡುಗಳನ್ನು ಅಳಿವಿನಿಂದ ಕಾಪಾಡಿದರು. ಆ ಪೀಳಿಗೆಯು ಲೇಖನಿಯಿಂದ ಮಾಡಿದ ಕೆಲಸವನ್ನು ಈ ಪೀಳಿಗೆಯು ಕ್ಯಾಮೆರಾದಿಂದ ಮಾಡಬೇಕಾಗಿದೆ.

ಇದು ಅಲಂಕಾರದ ಮಾತಲ್ಲ, ಅವಸರದ ಮಾತು. ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಯಿಸಿದವರು ೨೦೦೧ರಲ್ಲಿ ೧,೬೬,೧೮೭, ೨೦೧೧ರಲ್ಲಿ ೧,೧೩,೮೫೭. ಗಣತಿಯ ಕ್ರಮದಲ್ಲಿ ಲೋಪಗಳಿರಬಹುದೆಂದು ಒಪ್ಪಿದರೂ ಇಳಿತದ ದಿಕ್ಕನ್ನು ಅಲ್ಲಗಳೆಯಲಾಗದು. ಅರೆಭಾಷೆ, ಯರವ, ಜೇನುಕುರುಬ ಮೊದಲಾದ ಸಮುದಾಯಗಳ ನುಡಿಗಳ ಮಾತಂತೂ ಇನ್ನೂ ಸೂಕ್ಷ್ಮವಾದುದು. ಮುದುಕರ ಬಾಯಲ್ಲಿರುವ ನುಡಿಯ ಲಯವನ್ನು, ಮಾತನಾಡುವಾಗಿನ ಮುಖಭಾವವನ್ನು, ಕೈಯ ಸನ್ನೆಯನ್ನು ಪುಸ್ತಕವು ಹಿಡಿದಿಡಲಾರದು, ಚಲಚ್ಚಿತ್ರವು ಹಿಡಿದಿಡಬಲ್ಲುದು. ೨೦೧೮ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಮನೆ, ಗದ್ದೆ, ತೋಟಗಳು ಮಣ್ಣುಪಾಲಾದಾಗ ದೇಶದ ದೂರದರ್ಶನ ವಾಹಿನಿಗಳೆಲ್ಲ ಓಡಿಬಂದು ಕೆಲವೇ ದಿನಗಳಲ್ಲಿ ಹಿಂದಿರುಗಿದವು. ನೆಲೆ ಕಳೆದುಕೊಂಡ ಸಂಸಾರವು ಮುಂದಿನ ಐದು ಮಳೆಗಾಲಗಳನ್ನು ಹೇಗೆ ಕಳೆಯಿತೆಂಬುದು ಸುದ್ದಿಯಲ್ಲ, ಅದು ಕಥೆ. ಅದನ್ನು ಹೇಳಲು ಅಲ್ಲಿಯೇ ಇರುವವನು ಬೇಕು.

ಶಿಬಿರದ ಸ್ವರೂಪ

ನಮ್ಮ ಮನಸ್ಸಿನಲ್ಲಿರುವ ಯೋಜನೆಯು ದೊಡ್ಡದಲ್ಲ. ಇಪ್ಪತ್ತನಾಲ್ಕು ಮಂದಿ ಶಿಬಿರಾರ್ಥಿಗಳು, ಹನ್ನೆರಡು ದಿನಗಳು. ತುಲಾ ಸಂಕ್ರಮಣವು ಕಳೆದು, ಕಾಫಿಯ ಕೊಯ್ಲು ಬಿರುಸಾಗುವುದಕ್ಕೆ ಮೊದಲು ನಡೆಯಿಸಿದರೆ ಮಳೆಯ ಕಾಟವೂ ಇರದು, ತೋಟದ ಕೆಲಸಕ್ಕೂ ಅಡ್ಡಿಯಾಗದು. ಅರ್ಧದಷ್ಟು ಸ್ಥಾನಗಳು ಕೊಡಗಿನವರಿಗೆ ಮೀಸಲಾಗಿರಬೇಕು; ಅವರಲ್ಲಿ ತೋಟಗಳ ಕಾರ್ಮಿಕರ ಮಕ್ಕಳೂ ಹಾಡಿಗಳ ತರುಣರೂ ಇರಲೇಬೇಕು. ಉಳಿದ ಅರ್ಧವು ಕರ್ನಾಟಕದ ಇತರ ಭಾಗಗಳವರಿಗೆ, ಕಾಸರಗೋಡಿನಂತಹ ಗಡಿನಾಡಿನವರಿಗೆ. ಪಾಠವು ಕನ್ನಡದಲ್ಲಿ ನಡೆಯಲಿ. ಹೊರಗಿನಿಂದ ಬಂದ ಆಚಾರ್ಯರ ಮಾತನ್ನು ಕನ್ನಡಕ್ಕೆ ತಿರುಗಿಸುವ ಏರ್ಪಾಡಿರಲಿ.

ಬೆಳಗ್ಗೆ ಪಾಠ, ಮಧ್ಯಾಹ್ನ ಪರಸ್ಪರರ ಚಿತ್ರಕಥೆಗಳ ವಿಮರ್ಶೆ, ರಾತ್ರಿ ಶ್ರೇಷ್ಠ ಚಿತ್ರವೊಂದರ ಪ್ರದರ್ಶನ. ಕಡೆಯ ಐದು ದಿನಗಳಲ್ಲಿ ಆರಾರು ಮಂದಿಯ ನಾಲ್ಕು ತಂಡಗಳಾಗಿ ಸುತ್ತಣ ಗ್ರಾಮಗಳಿಗೆ ಹೋಗಿ ಹತ್ತು ನಿಮಿಷದ ಒಂದೊಂದು ಚಿತ್ರವನ್ನು ತೆಗೆಯಬೇಕು. ಮುಕ್ತಾಯದ ಸಂಜೆ ಆ ನಾಲ್ಕು ಚಿತ್ರಗಳನ್ನೂ ಶಾಲೆಯ ಬಯಲಿನಲ್ಲಿ, ಅವುಗಳಲ್ಲಿ ಕಾಣಿಸಿಕೊಂಡ ಜನರ ಮುಂದೆಯೇ, ಮೊದಲು ತೋರಿಸಬೇಕು. ಈ ನಿಯಮವನ್ನು ನಾವು ಅತಿ ಮುಖ್ಯವೆಂದು ಎಣಿಸುತ್ತೇವೆ. ತನ್ನನ್ನು ತೋರಿಸಿದ ಬಗೆಯು ಸರಿಯೇ ಎಂದು ತೋರಿಸಲ್ಪಟ್ಟವನು ಎದ್ದು ನಿಂತು ಕೇಳುವ ಸಭೆಗಿಂತ ದೊಡ್ಡ ವಿಮರ್ಶಕನು ಯಾವ ಉತ್ಸವದಲ್ಲಿಯೂ ದೊರೆಯನು. ಪ್ರತಿಯೊಂದು ಚಿತ್ರದ ಪ್ರತಿಯು ಊರಿನ ಶಾಲೆಯಲ್ಲಿ ಉಳಿಯಲಿ. ಹತ್ತು ವರ್ಷಗಳಲ್ಲಿ ನಲವತ್ತು ಚಿತ್ರಗಳ ಭಂಡಾರವು ತಾನೇತಾನಾಗಿ ಬೆಳೆದೀತು.

ಖರ್ಚಿಗೆ ದಾರಿಯೇನು? ಉತ್ತರವು ಕೊಡಗಿನಲ್ಲಿಯೇ ಇದೆ. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೌಟುಂಬಿಕ ಹಾಕಿ ಉತ್ಸವವನ್ನು ಆರಂಭಿಸಿದಾಗ ಆಡಿದವು ಅರವತ್ತು ಕುಟುಂಬಗಳ ತಂಡಗಳು. ವರ್ಷಕ್ಕೊಂದು ಕುಟುಂಬವು ಆತಿಥ್ಯದ ಹೊಣೆಯನ್ನು ಹೊರುವ ಆ ಪದ್ಧತಿಯು ಬೆಳೆದು ೨೦೨೪ರಲ್ಲಿ ನಾಪೋಕ್ಲಿನಲ್ಲಿ ೩೬೦ ಕುಟುಂಬಗಳು ಸೇರಿದವು. ಚೆಂಡಾಟಕ್ಕಾಗಿ ಇಷ್ಟನ್ನು ಮಾಡಬಲ್ಲ ಒಕ್ಕಗಳು ಇಪ್ಪತ್ತನಾಲ್ಕು ಮಂದಿಗೆ ಹನ್ನೆರಡು ದಿನ ಅನ್ನವಿಕ್ಕಲಾರವೆ? ವರ್ಷಕ್ಕೊಂದು ಒಕ್ಕವು ಅಥವಾ ಒಂದು ಗ್ರಾಮವು ಊಟವಸತಿಯನ್ನು ವಹಿಸಿಕೊಳ್ಳಲಿ. ಐನ್‌ಮನೆಗಳ ಕೈಸಾಲೆಗಳು ತರಗತಿಗಳಾಗಲಿ. ಆಚಾರ್ಯರ ಪ್ರಯಾಣವೆಚ್ಚವನ್ನೂ ಸಾಮಗ್ರಿಯನ್ನೂ ಕರ್ನಾಟಕ ಚಲನಚಿತ್ರ ಅಕಾಡೆಮಿಯೂ, ಕೊಡವ ಮತ್ತು ಅರೆಭಾಷೆಯ ಅಕಾಡೆಮಿಗಳೂ ಹಂಚಿಕೊಳ್ಳಲಿ. ಜಿಲ್ಲಾಧಿಕಾರಿಗಳು ರಜೆಯ ದಿನಗಳಲ್ಲಿ ಶಾಲಾಕಟ್ಟಡವನ್ನು ಬಿಟ್ಟುಕೊಡಿಸಿದರೆ ಅಷ್ಟೇ ಉಪಕಾರ.

ಆಕ್ಷೇಪಗಳು

ಅಂತರಜಾಲದಲ್ಲಿ ಎಲ್ಲ ಪಾಠಗಳೂ ಪುಕ್ಕಟೆಯಾಗಿ ದೊರೆಯುವಾಗ ಶಿಬಿರವೇಕೆಂದು ಕೆಲವರು ಕೇಳಬಹುದು. ಪಾಠವು ದೊರೆಯುತ್ತದೆ, ನಿಜ, ತಿದ್ದುವವರು ದೊರೆಯುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಚಿತ್ರದ ಜಾಳುತನವು ತನಗೇ ಕಾಣಿಸದು. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಸೂರಿನಡಿ ಮಲಗಿದವರು ಹೇಳುವ ಕಟುಸತ್ಯವು ಪರದೆಯ ಮೇಲಿನ ಅಪರಿಚಿತನ ಹೊಗಳಿಕೆಗಿಂತ ಹೆಚ್ಚು ಉಪಯುಕ್ತವಾದುದು. ಮೇಲಾಗಿ ಅಲ್ಲಿ ಸಂಕಲನಕಾರನೊಬ್ಬನಿಗೆ ಶಬ್ದಗ್ರಾಹಕನೂ, ಕಥೆಗಾರನಿಗೆ ಕ್ಯಾಮೆರಾದವನೂ ದೊರೆತರೆ ಆ ಜೊತೆಯು ಹತ್ತು ವರ್ಷ ಬಾಳೀತು.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ಕಾಫಿತೋಟದ ನಡುವೆ ಶಿಬಿರವೆಂದರೆ ಉಳ್ಳವರ ಮೋಜಿನ ಪ್ರವಾಸವಾಗಿ ಪರಿಣಮಿಸದೆ? ಈಗಾಗಲೇ ಪ್ರವಾಸಿಗರ ಭಾರದಿಂದ ಬಳಲಿರುವ ಕೊಡಗಿಗೆ ಇದೊಂದು ಹೊಸ ಹೊರೆಯಾಗದೆ? ಈ ಭಯವು ನಿರಾಧಾರವಲ್ಲ. ಸಾವಿರಾರು ರೂಪಾಯಿಗಳ ಶುಲ್ಕವನ್ನು ವಿಧಿಸಿ, ಒಳ್ಳೆಯ ಹಾಸಿಗೆಯನ್ನೂ ಬೆಟ್ಟದ ನೋಟವನ್ನೂ ಮಾರುವ ಕೂಟಕ್ಕೆ ನಮ್ಮ ಬೆಂಬಲವಿಲ್ಲ. ಅಂತಹದರಿಂದ ಹೊರಬರುವ ಚಿತ್ರವೂ ಮಂಜು, ಹೂವು, ಹಸುರುಗಳ ಮತ್ತೊಂದು ಹಿನ್ನೆಲೆಯೇ ಆದೀತು. ಆದುದರಿಂದಲೇ ಸರಳವಾದ ವಸತಿ, ಸ್ಥಳೀಯರಿಗೆ ಮೀಸಲಾದ ಸ್ಥಾನಗಳು, ಗ್ರಾಮಸ್ಥರ ಮುಂದೆ ಮೊದಲ ಪ್ರದರ್ಶನ ಎಂಬ ಮೂರು ಕಟ್ಟುಪಾಡುಗಳನ್ನು ನಾವು ಒತ್ತಿ ಹೇಳಿದುದು. ಹೆಗ್ಗೋಡು ಬಾಳಿದುದು ವೈಭವದಿಂದಲ್ಲ, ಮಿತವ್ಯಯದಿಂದ.

೧೯೪೩ರಷ್ಟು ಹಿಂದೆಯೇ ಬೆಂಗಳೂರಿನ ಜಯಚಾಮರಾಜೇಂದ್ರ ಶಿಕ್ಷಣಶಾಲೆಯು ಛಾಯಾಗ್ರಹಣದ ವಿದ್ಯೆಯನ್ನು ಕಲಿಸತೊಡಗಿ ವಿ. ಕೆ. ಮೂರ್ತಿಯವರಂತಹ ಛಾಯಾಗ್ರಾಹಕರನ್ನು ದೇಶಕ್ಕೆ ಕೊಟ್ಟಿತು. ವಿದ್ಯೆಯನ್ನು ಕೊಡುವ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಿಲ್ಲ. ಆ ವಿದ್ಯೆಯು ರಾಜಧಾನಿಯಿಂದ ಹೊರಟು ಘಟ್ಟದ ಊರುಗಳನ್ನು ಮುಟ್ಟಬೇಕಾಗಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಎಲ್ಲಿಯವರೆಗೆ ನಿಜವಾಗಿರುವುದೋ ಅಲ್ಲಿಯವರೆಗೆ ಕೊಡಗಿನ ಕಥೆಯನ್ನು ಹೊರಗಿನವರೇ ಹೇಳುತ್ತಿರುವರು. ಅವರಿಗೆ ಕಂಡಷ್ಟನ್ನೇ ಹೇಳುವರು. ಕಿರುಂದಾಡಿನ ಕವಿಯು ನೂರು ವರ್ಷಗಳಿಗೂ ಹಿಂದೆ ತೋರಿದ ಧೈರ್ಯದ ಒಂದಂಶವನ್ನು ಮೂರ್ನಾಡಿನ ಮಹಾಜನರೂ, ತೋಟಗಳ ಒಡೆಯರೂ, ಅಕಾಡೆಮಿಗಳ ಅಧಿಕಾರಿಗಳೂ ಇಂದು ತೋರಲಿ. ಮೊದಲನೆಯ ವರ್ಷ ಹನ್ನೆರಡು ಮಂದಿಯೇ ಬಂದರೂ ಚಿಂತೆಯಿಲ್ಲ. ಶಾಲೆಯ ಬಯಲಿನಲ್ಲಿ ಒಂದು ಬಿಳಿಯ ತೆರೆಯನ್ನು ಕಟ್ಟಿ ಕೆಲಸವನ್ನು ಆರಂಭಿಸುವುದೊಂದೇ ಉಳಿದಿದೆ.